ಏನನ್ನೂ ಬೇಡದೆ ಹೊರಟವರು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳು ತುಂಗಾ ಭದ್ರೆಯರ ನೀರುಂಡು ಬೆಳೆದ ಮಳೆಯ ಸೀಮೆ. ಮುಂಗಾರು ಇಳಿಯಿತೆಂದರೆ ಅಲ್ಲಿ ತಿಂಗಳುಗಟ್ಟಲೆ ಬಯಲಿನ ವಿನೋದಕ್ಕೆ ಎಡೆಯಿಲ್ಲ. ಹಿಂದೆ, ಮಳೆ ಮುಗಿದು ಗದ್ದೆಯ ಕೊಯ್ಲಾದ ಮೇಲೆ, ಈ ಸೀಮೆಯಲ್ಲಿ ಎರಡು ಬಗೆಯ ಡೇರೆಗಳು ಏಳುತ್ತಿದ್ದವು. ಒಂದು ಯಕ್ಷಗಾನ ಮೇಳದ್ದು. ಇನ್ನೊಂದು ಸಂಚಾರಿ ಚಲನಚಿತ್ರದ್ದು.

ಯಕ್ಷಗಾನದ ವೀರನು ರಂಗಕ್ಕೆ ಬರುವುದೇ ಒಂದು ವೈಭವ. ಚೆಂಡೆ ಗುಡುಗುತ್ತದೆ, ಕಿರೀಟ, ಭುಜಕೀರ್ತಿಗಳು ಹೊಳೆಯುತ್ತವೆ, ವೀರನು ಕುಣಿದು ತನ್ನ ಪರಾಕ್ರಮವನ್ನು ತಾನೇ ಸಾರುತ್ತಾನೆ. ಚಲನಚಿತ್ರವಾದರೋ ಇನ್ನೊಂದು ಬಗೆಯ ನಾಯಕನನ್ನೂ ಜಗತ್ತಿಗೆ ತೋರಿಸಿತು. ಅವನು ಮಿತಭಾಷಿ, ತನ್ನ ಹಿರಿಮೆಯನ್ನು ತಾನು ಹೇಳಿಕೊಳ್ಳದವನು.

ಅಮೆರಿಕದ ಗ್ಯಾರಿ ಕೂಪರ್ ಅಂತಹ ನಾಯಕರಲ್ಲಿ ಅಗ್ರಗಣ್ಯ. 1901ರಲ್ಲಿ ಮೊಂಟಾನಾ ಸಂಸ್ಥಾನದ ಹೆಲೆನಾ ಪಟ್ಟಣದಲ್ಲಿ ಹುಟ್ಟಿದ ಆತ, ಮೂಕಚಿತ್ರಗಳ ಕಾಲದಲ್ಲಿ ಕುದುರೆ ಸವಾರಿಯ ಸಾಹಸಗಳನ್ನು ಮಾಡುವ ಸಣ್ಣ ಕೆಲಸದಿಂದ ಮೊದಲುಗೊಂಡು ಹಿರಿಯ ನಟನಾದ. 1952ರಲ್ಲಿ ತೆರೆಕಂಡ ‘ಹೈ ನೂನ್’ ಚಿತ್ರದಲ್ಲಿ ಆತನದು ವಿಲ್ ಕೇನ್ ಎಂಬ ಕಾವಲಧಿಕಾರಿಯ ಪಾತ್ರ. ಕೇನನಿಗೆ ಮದುವೆಯಾದ ದಿನವೇ ಸುದ್ದಿ ಬರುತ್ತದೆ: ಅವನು ಹಿಂದೆ ಸೆರೆಹಿಡಿದ ಪಾತಕಿ ಬಿಡುಗಡೆ ಹೊಂದಿ ಮಧ್ಯಾಹ್ನದ ರೈಲಿನಲ್ಲಿ ಮರಳುತ್ತಿದ್ದಾನೆ. ಕೇನ್ ಊರವರ ನೆರವು ಬೇಡುತ್ತಾನೆ. ಒಬ್ಬೊಬ್ಬರಿಗೆ ಒಂದೊಂದು ನೆಪ. ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಆತನಿಗೂ ಭಯವುಂಟು, ಮುಖ ಬೆವರುತ್ತದೆ, ಮರಣಪತ್ರವನ್ನೂ ಬರೆದಿಡುತ್ತಾನೆ. ಆದರೂ ಬೀದಿಗೆ ಇಳಿಯುತ್ತಾನೆ. ಕಡೆಗೆ ನವವಧುವೊಬ್ಬಳೇ ಅವನ ನೆರವಿಗೆ ಬರುತ್ತಾಳೆ. ಗೆದ್ದ ಬಳಿಕ ಕೇನ್ ತನ್ನ ಅಧಿಕಾರದ ಲಾಂಛನವನ್ನು ಮಣ್ಣಿಗೆಸೆದು, ಒಂದು ಮಾತೂ ಆಡದೆ ಊರು ಬಿಡುತ್ತಾನೆ. ಈ ಪಾತ್ರಕ್ಕಾಗಿ ಕೂಪರನಿಗೆ ಶ್ರೇಷ್ಠ ನಟನೆಂಬ ಆಸ್ಕರ್ ಪ್ರಶಸ್ತಿ ಸಂದಿತು.

ಭಯವಿಲ್ಲದವನ ಧೈರ್ಯ ಬೆರಗು ಹುಟ್ಟಿಸೀತು. ಭಯವಿದ್ದೂ ನಿಂತವನ ಧೈರ್ಯ ಮಾತ್ರ ನೋಡುವವನಿಗೆ ತನ್ನದೆನಿಸುತ್ತದೆ. ಆ ನಟನ ಆಕರ್ಷಣೆಯ ಗುಟ್ಟು ಇದು.

ಕನ್ನಡಿಗರು ಇದೇ ಬಗೆಯ ನಾಯಕನನ್ನು 1972ರ ‘ಬಂಗಾರದ ಮನುಷ್ಯ’ ಚಿತ್ರದಲ್ಲಿ ಕಂಡರು. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ ಆ ಚಿತ್ರದಲ್ಲಿ ರಾಜಕುಮಾರರು ರಾಜೀವನಾದರು. ರಾಜೀವನಿಗೆ ಕೋವಿಯಿಲ್ಲ, ಹಾರೆ, ಗುದ್ದಲಿ, ನೇಗಿಲುಗಳೇ ಅವನ ಆಯುಧ. ವಿಧವೆಯಾದ ಅಕ್ಕನ ಸಂಸಾರಕ್ಕೆ ಹೆಗಲು ಕೊಟ್ಟು, ಕಲ್ಲುನೆಲವನ್ನು ಹಸುರಾಗಿಸುತ್ತಾನೆ. ಕಡೆಗೆ ತಾನು ಸಾಕಿದ ಸೋದರಳಿಯನೇ ಅವನನ್ನು ಸಂಶಯಿಸಿ ನಿಂದಿಸಿದಾಗ, ಮರುಮಾತಿಲ್ಲದೆ ಮನೆಯಿಂದ ಹೊರಟುಹೋಗುತ್ತಾನೆ. ಈ ಚಿತ್ರವನ್ನು ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಮರಳಿದವರಿದ್ದಾರೆಂಬ ಮಾತು ಇಂದಿಗೂ ಕೇಳಿಬರುತ್ತದೆ.

ಮಲೆನಾಡಿನವರಿಗೆ ರಾಜೀವನ ದುಡಿಮೆ ಅಪರಿಚಿತವಲ್ಲ. ಅಡಕೆಯ ಸಸಿ ನೆಟ್ಟವನು ಫಲಕ್ಕಾಗಿ ಐದಾರು ವರ್ಷ ಕಾಯಬೇಕು. ಎಷ್ಟೋ ವೇಳೆ ಅಜ್ಜ ನೆಟ್ಟ ಮರದ ಕೊನೆಯನ್ನು ಮೊಮ್ಮಗ ಇಳಿಸುತ್ತಾನೆ. ಗುಡ್ಡಕ್ಕೊಂದು ಕಣಿವೆಗೊಂದು ಮನೆಯಿರುವ ಈ ಸೀಮೆಯಲ್ಲಿ ಮುಯ್ಯಾಳಿನ ಪದ್ಧತಿಯೂ ಬೆಳೆದುಬಂತು. ಇಂದು ನನ್ನ ಗದ್ದೆಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು ಎಂಬುದು ಅದರ ಕಟ್ಟಳೆ. ಇಂತಹ ನಾಡಿನ ಪ್ರೇಕ್ಷಕನು ಈ ಎರಡು ಕಥೆಗಳನ್ನೂ ಅರಿತಾಗ, ನಾಯಕನು ಎಷ್ಟು ಶೂರನೆಂಬುದಕ್ಕಿಂತ, ಅವನನ್ನು ಒಬ್ಬಂಟಿಯಾಗಿ ಬಿಟ್ಟವರು ಯಾರೆಂಬುದೇ ಹೆಚ್ಚು ಕಾಡುವ ಪ್ರಶ್ನೆ.

ಪರದೆಯ ಮುಂದೆ ಕುಳಿತವರೆಲ್ಲ ತಮ್ಮನ್ನು ಕೇನನೆಂದೋ ರಾಜೀವನೆಂದೋ ಭಾವಿಸುತ್ತಾರೆ. ಬಾಗಿಲು ಮುಚ್ಚಿಕೊಂಡ ಪಟ್ಟಣಿಗ ತಾನೇ ಇರಬಹುದು, ಉಪಕಾರ ಮರೆತ ಸೋದರಳಿಯ ತಾನೇ ಇರಬಹುದು ಎಂದು ಎಣಿಸುವವರು ವಿರಳ. ನಾಯಕನನ್ನು ಮೆಚ್ಚುವುದು ಸುಲಭ. ಅವನು ಬಾಗಿಲು ತಟ್ಟಿದಾಗ ಎದ್ದು ತೆರೆಯುವುದು ಕಷ್ಟ. ಊರಿನ ಹತ್ತು ಮನೆಗಳ ಬಾಗಿಲು ಅಂದು ತೆರೆದಿದ್ದರೆ, ಕೇನನು ಲಾಂಛನವನ್ನು ಮಣ್ಣಿಗೆ ಎಸೆಯಬೇಕಾಗುತ್ತಿರಲಿಲ್ಲ.