ನಲವತ್ತಾರು ದಿನ

ಈ ಸಲದ ಮಳೆಗಾಲದಲ್ಲಿ ಮಗ ನಾಲ್ಕು ದಿನ ಊರಿಗೆ ಬಂದಿದ್ದ. ನಮ್ಮ ಸಾಲಿಗ್ರಾಮದ ಮನೆಯ ಬಚ್ಚಲಲ್ಲಿ ಇನ್ನೂ ಹಂಡೆ ಒಲೆಯೇ. ಮಾಡಿನ ಮೇಲೆ ಸೋಲಾರ್ ಕೂರಿಸಿದ್ದೇವೆ, ಆಟಿಯ ಮಳೆಯಲ್ಲಿ ಅದು ಹೆಸರಿಗೆ ಮಾತ್ರ. ಒಲೆಗೆ ತೆಂಗಿನ ಕೊತ್ತಳಿಗೆ ತುರುಕುತ್ತ ಇಬ್ಬರೂ ಮಣೆ ಹಾಕಿಕೊಂಡು ಕೂತಿದ್ದೆವು. ಬೆಂಗಳೂರಿನಲ್ಲಿ ಅವನದೊಂದು ಸಣ್ಣ ಕಂಪನಿ ಇದೆ. ಮಾತಿನ ನಡುವೆ ಹೇಳಿದ: "ಅತ್ತೆ ಮಗನನ್ನ ನನ್ನ ಜೊತೆಗೇ ಹಾಕ್ಕೊಳ್ತೇನಪ್ಪ. ಸಂಬಳ ಗಿಂಬಳ ಆಮೇಲೆ ನೋಡಿದ್ರಾಯ್ತು. ನಮ್ಮವನೇ ಅಲ್ವಾ?"

ಈ "ನಮ್ಮವನೇ ಅಲ್ವಾ" ಎಂಬ ಮಾತನ್ನು ನಾನು ಐವತ್ತು ವರ್ಷದ ಹಿಂದೆ ಬೇರೆ ಬಾಯಲ್ಲಿ ಕೇಳಿದ್ದೆ. ಮಗನನ್ನು ಕೂರಿಸಿಕೊಂಡು ಒಲೆಯೆದುರು ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಅಪ್ಪಯ್ಯನ ಹೋಟೆಲು ಇದ್ದದ್ದು ದಾವಣಗೆರೆಯಲ್ಲಿ, ಹತ್ತಿ ಗಿರಣಿಗೆ ಹೋಗುವ ದಾರಿಯಲ್ಲಿ. ಗಿರಣಿಯ ಸೈರನ್ನೇ ನಮ್ಮ ಗಡಿಯಾರ. ಪಾಳಿ ಬಿಟ್ಟೊಡನೆ ಒಂದೇ ಸಲ ನೂರಾರು ಜನ ನುಗ್ಗುತ್ತಿದ್ದರು. ಕೋಟ, ಸಾಲಿಗ್ರಾಮದ ಕಡೆಯವರಿಗೆ ಊರು ಬಿಡುವುದೆಂದರೆ ಹೋಟೆಲಿಗೆ ಸೇರುವುದು ಎಂದೇ ಅರ್ಥ. ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿಗೆ ಅಡುಗೆ ಕೆಲಸಕ್ಕೆಂದು ಹೋಗಿ 1924ರಲ್ಲಿ ಬ್ರಾಹ್ಮಿನ್ ಕಾಫಿ ಕ್ಲಬ್ ತೆರೆದದ್ದು, ಅದೇ ಮುಂದೆ ಎಂ.ಟಿ.ಆರ್. ಆದದ್ದು ನಮ್ಮಲ್ಲಿ ಮಕ್ಕಳಿಗೂ ಬಾಯಿಪಾಠವಾಗಿದ್ದ ಕಥೆ. ಒಬ್ಬ ಹೋದರೆ ತಮ್ಮ, ತಮ್ಮನ ಹಿಂದೆ ಭಾವಮೈದ, ಅವನ ಹಿಂದೆ ಪಕ್ಕದ ಮನೆಯ ಮಾಣಿ. ಸಾಲಾಗಿ ಇರುವೆ ಹೋದ ಹಾಗೆ.

ನಮ್ಮವರೇ ಬೇಕು ಎನ್ನುವುದಕ್ಕೆ ಕಾರಣ ಪ್ರೀತಿ ಒಂದೇ ಅಲ್ಲ, ಗಲ್ಲೆ. ಆಗ ಚೀಟಿ ಇರಲಿಲ್ಲ, ಮೆಷಿನ್ನು ಇರಲಿಲ್ಲ. ಗಿರಾಕಿ ಎದ್ದು ಕೈತೊಳೆದು ಬಾಗಿಲ ಕಡೆ ಬರುವಾಗ ಸಪ್ಲೈಯರ್ ಒಳಗಿಂದ ಕೂಗಬೇಕು: "ಬಿಳಿ ಟೋಪಿ, ಅರವತ್ತೈದು ಪೈಸೆ!" "ಹಿಂದೆ ಕೊಡೆಯವರು, ಒಂದು ಹತ್ತು!" ಗಲ್ಲೆಯಲ್ಲಿ ಕೂತವನು ಕೇಳಿಸಿಕೊಂಡು ವಸೂಲು ಮಾಡಬೇಕು. ಕೂಗಿದ್ದಕ್ಕೂ ಡಬ್ಬಿಗೆ ಬಿದ್ದದ್ದಕ್ಕೂ ನಡುವೆ ಸಾಕ್ಷಿ ಎಂದರೆ ಗಾಳಿ. ಅಲ್ಲಿ ಕೂರಲು ರಕ್ತಸಂಬಂಧವೇ ಬೇಕಾಗುತ್ತಿತ್ತು.

ಹಾಗೆ ಬಂದವನು ಭಾವ. ನನ್ನ ದೊಡ್ಡತ್ತೆಯ ಮಗ. ತಂದೆ ಇಲ್ಲದ ಹುಡುಗ. 1964ರ ಮೇ ತಿಂಗಳಲ್ಲಿ, ಐದನೇ ಕ್ಲಾಸು ಮುಗಿಸಿ, ಹನ್ನೆರಡನೇ ವಯಸ್ಸಿಗೆ ಒಂದು ಕೈಚೀಲದ ಜೊತೆ ಬಂದ. ಮೊದಲು ಲೋಟ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ರುಬ್ಬುವುದು, ಆಮೇಲೆ ಸಪ್ಲೈ, ಕೊನೆಗೆ ಗಲ್ಲೆ. ರಾತ್ರಿ ಎರಡು ಟೇಬಲ್ ಜೋಡಿಸಿ ಅದರ ಮೇಲೇ ನಿದ್ದೆ. ಅವನ ಬೆರಳ ಸಂದಿಗಳು ಸದಾ ಬೆಳ್ಳಗೆ ಮುದುಡಿಕೊಂಡಿರುತ್ತಿದ್ದವು, ನೀರಲ್ಲಿ ನೆನೆದ ಅವಲಕ್ಕಿಯ ಹಾಗೆ. ಮಳೆಗಾಲದಲ್ಲಿ ಬಿರಿದು ರಕ್ತ ಬರುತ್ತಿತ್ತು. ಅಮ್ಮ ಕೊಬ್ಬರಿ ಎಣ್ಣೆಗೆ ಅರಸಿನ ಕಲಸಿ ಹಚ್ಚುತ್ತಿದ್ದಳು. ಆ ಕೈಯಲ್ಲೇ ಅವನು ಆರು ಲೋಟ ಕಾಫಿ ಒಟ್ಟಿಗೆ ಹಿಡಿದು, ಒಂದು ಹನಿ ಚೆಲ್ಲದೆ, ಜನರ ನಡುವೆ ನುಸುಳಿ ಬರುವುದನ್ನು ನೋಡಲು ನಾನು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಡಿಕಾಕ್ಷನ್ ಇಳಿದದ್ದು ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಅವನು ರುಚಿ ನೋಡಿ ಅಲ್ಲ, ಫಿಲ್ಟರಿನಿಂದ ಹನಿ ಬೀಳುವ ಸದ್ದು ಕೇಳಿ ಹೇಳುತ್ತಿದ್ದ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೋಟೆಲು, ಢಾಬಾಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸಬಾರದೆಂಬ ನಿಷೇಧ ಜಾರಿಯಾದದ್ದು 2006ರ ಅಕ್ಟೋಬರ್ 10ರಂದು. 2016ರ ತಿದ್ದುಪಡಿ ಅದನ್ನು ಎಲ್ಲ ಕೆಲಸಗಳಿಗೂ ಹಿಗ್ಗಿಸಿತು. ಹಿಗ್ಗಿಸುತ್ತಲೇ, ಶಾಲೆಯ ಹೊತ್ತು ಬಿಟ್ಟು ಇಲ್ಲವೇ ರಜೆಯಲ್ಲಿ ಮನೆಯವರ ಉದ್ಯಮಕ್ಕೆ ಅಪಾಯವಿಲ್ಲದ ಸಹಾಯ ಮಾಡಬಹುದು ಎಂಬ ಕಿಂಡಿಯನ್ನೂ ಬಿಟ್ಟಿತು. ಮನೆಯವರೆಂದರೆ ಯಾರು? ತಾಯಿ, ತಂದೆ, ಒಡಹುಟ್ಟಿದವರು, ಜೊತೆಗೆ ತಂದೆ ತಾಯಿಯ ಒಡಹುಟ್ಟಿದವರು. ಎಂದರೆ ಸೋದರಮಾವನೂ ಪಟ್ಟಿಯಲ್ಲಿದ್ದಾನೆ. ಅದನ್ನು ಓದಿದ ದಿನ ನನಗೆ ನಗು ಬಂತು. ನಗು ಎಂದರೆ, ನಿಮಗೆ ಅರ್ಥವಾದೀತು.

ಇತ್ತ ನನ್ನನ್ನು ಅಪ್ಪಯ್ಯ ಹೋಟೆಲಿನ ಹೊಗೆ ತಾಗದ ಹಾಗೆ ಬೆಳೆಸಿದರು. ಒಮ್ಮೆ ರಜೆಯಲ್ಲಿ ಉತ್ಸಾಹದಿಂದ ನೀರಿನ ಬಕೆಟ್ ಎತ್ತಿದ್ದಕ್ಕೆ "ಪುಸ್ತಕ ಹಿಡಿ, ಹೋಗು" ಎಂದು ಗದರಿದ್ದರು. ಗಲ್ಲೆಯ ಹತ್ತಿರ ಸುಳಿಯಲೂ ಬಿಡುತ್ತಿರಲಿಲ್ಲ. ಚಿಲ್ಲರೆಯ ಸದ್ದು ಕೇಳಿದ ಕಿವಿಗೆ ಪಾಠ ಹತ್ತುವುದಿಲ್ಲ ಎಂದು ಅವರ ಸಿದ್ಧಾಂತ. ಸಂಜೆ ಹೊತ್ತು ಪಿಗ್ಮಿಯವನು ಬರುತ್ತಿದ್ದ. ಉಡುಪಿಯಲ್ಲಿ 1928ರಲ್ಲಿ ದಿನಕ್ಕೆರಡಾಣೆಯಿಂದ ಶುರುವಾದ ಆ ಉಳಿತಾಯ ಆಗ ನಮ್ಮ ಹೋಟೆಲಿನವರು ಹೋದ ಊರಿಗೆಲ್ಲ ಹಿಂದೆಯೇ ಬಂದಿತ್ತು. ದಿನಕ್ಕೆ ಎರಡು ರೂಪಾಯಿ, ನನ್ನ ಹೆಸರಿನಲ್ಲಿ. ಗಲ್ಲೆಯಿಂದ ತೆಗೆದು, ಎಣಿಸಿ, ಪಿಗ್ಮಿಯವನ ಕೈಗೆ ಹಾಕಿ, ಕಾರ್ಡಿನಲ್ಲಿ ಬರೆಸಿಕೊಳ್ಳುತ್ತಿದ್ದವನು ಭಾವ.

ಎದುರಿನ ಲಾಡ್ಜಿನ ಶೆಟ್ಟರು ತಮಾಷೆಗೆ ಹೇಳುತ್ತಿದ್ದರು: "ನಿಮ್ಮದೂ ನಮ್ಮ ಹಾಗೆ ಅಳಿಯಕಟ್ಟು ಆಗಿದ್ದಿದ್ರೆ ಈ ಹೋಟೆಲು ಈ ಮಾಣಿಯದ್ದೇ ಅಲ್ವಾ ಐತಾಳ್ರೇ?" ಅಪ್ಪಯ್ಯ ನಗುತ್ತಿದ್ದರು. "ನಮ್ಮದು ಮಕ್ಕಳಕಟ್ಟು ಮಾರಾಯ್ರೇ." ಭಾವನೂ ನಗುತ್ತಿದ್ದ, ಚಿಲ್ಲರೆ ಎಣಿಸುವುದನ್ನು ನಿಲ್ಲಿಸದೆ.

ಅದು 1975ರ ದೀಪಾವಳಿ. ನಾನು ಸುರತ್ಕಲ್‌ನಲ್ಲಿ ಮೊದಲ ವರ್ಷದ ಎಂಜಿನಿಯರಿಂಗ್‌ನಲ್ಲಿದ್ದೆ, ಹಬ್ಬಕ್ಕೆ ಬಂದಿದ್ದೆ. ತುರ್ತು ಪರಿಸ್ಥಿತಿಯ ಕಾಲ. ಹೋಟೆಲು ತಿಂಡಿಗೆ ಸರ್ಕಾರವೇ ಬೆಲೆ ಕಟ್ಟಿತ್ತು. ಬೆಂಗಳೂರಿನಲ್ಲಿ ಎಂ.ಟಿ.ಆರ್.ನವರು ದಿನದ ನಷ್ಟವನ್ನು ಬೋರ್ಡಿನ ಮೇಲೆ ಬರೆದು ಹಾಕುತ್ತಾರೆ ಎಂಬ ಸುದ್ದಿ ನಮ್ಮಲ್ಲಿಗೂ ಬಂದಿತ್ತು. ಅಪ್ಪಯ್ಯನಿಗೆ ಬೋರ್ಡು ಹಾಕುವ ಧೈರ್ಯ ಇರಲಿಲ್ಲ. ಅವರ ನಷ್ಟ ಮುಖದಲ್ಲೇ ಕಾಣುತ್ತಿತ್ತು.

ಪೇಟೆಯವರ ಪದ್ಧತಿಯಂತೆ ನಮ್ಮಲ್ಲೂ ಲಕ್ಷ್ಮೀಪೂಜೆಯ ರಾತ್ರಿ ಹಳೆ ಪುಸ್ತಕ ಮುಗಿಸಿ ಹೊಸದಕ್ಕೆ ಅರಸಿನ ಕುಂಕುಮ ಇಡುವುದು. ಪೂಜೆ ಮುಗಿಯಿತು. ಹೊರಗಿನ ಕೆಲಸದವರಿಗೆಲ್ಲ ಬೋನಸ್ಸು, ಪಂಚೆ ಕೊಟ್ಟಾಗಿತ್ತು. ಅವರಿಗೆ ಶನಿವಾರ ಶನಿವಾರ ಬಟವಾಡೆ. ದೋಸೆ ಭಟ್ಟರಿಗಂತೂ ಮುಂಗಡ ಕೊಡದಿದ್ದರೆ ಭಾನುವಾರ ಬೇರೆ ಹೋಟೆಲಿನಲ್ಲಿ ಕಾಣಿಸಿಕೊಳ್ಳುತ್ತಿದ್ದರು. ಎಲ್ಲರೂ ಪಟಾಕಿಗೆ ಹೊರಗೆ ಹೋದ ಮೇಲೆ ಭಾವ ಶಟರ್ ಅರ್ಧ ಎಳೆದು ಬಂದು ನಿಂತ.

"ನನ್ ಲೆಕ್ಕ ಎಷ್ಟ್ ಇತ್ತ್ ಮಾವ?"

ಅಪ್ಪಯ್ಯ ತಲೆ ಎತ್ತಿದರು. "ಎಂತಕ್ಕಾ ಈಗ?"

"ಹೀಂಗೇ. ಗೊತ್ತಿರ್ಲಿ ಅಂತ."

"ನಮ್ಮವ್ನೇ ಅಲ್ದಾ ನೀನು? ನಿಂಗೆಂತ ಲೆಕ್ಕ?" ಎಂದರು. ಭಾವ ಏನೂ ಹೇಳಲಿಲ್ಲ, ನಿಂತ ಜಾಗ ಬಿಡಲೂ ಇಲ್ಲ. ಅಪ್ಪಯ್ಯ ಕಪಾಟಿನಿಂದ ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕ ತೆಗೆದರು. ಕನ್ನಡಕ ಮನೆಯಲ್ಲಿತ್ತು. ಪುಸ್ತಕವನ್ನು ನನ್ನ ಕಡೆ ನೂಕಿ "ಓದ್" ಎಂದರು.

ನಾನು ಓದಿದೆ. ಭಾವನ ಹೆಸರಿನ ಪುಟ ಇತ್ತು, ಅಚ್ಚುಕಟ್ಟಾಗಿ ಎರಡು ಕಾಲಂ. ಎಡಕ್ಕೆ ಜಮಾ. ಮೊದಲ ಮೂರು ವರ್ಷ ಊಟ ವಸತಿ ಮಾತ್ರ. ಆಮೇಲೆ ಮೂರು ವರ್ಷ ತಿಂಗಳಿಗೆ ಹದಿನೈದು ರೂಪಾಯಿ, ಇನ್ನು ಮೂರು ವರ್ಷ ಮೂವತ್ತು, ಕೊನೆಯ ಎರಡೂವರೆ ವರ್ಷ ಅರವತ್ತು. ಒಟ್ಟು 3,420. ಬಲಕ್ಕೆ ಖರ್ಚು. ತಂಗಿ ಮದುವೆಗೆ 1,500. ಊರಿನ ಮನೆ ಮಾಡಿಗೆ ಹಂಚು, 400. ಟೈಫಾಯ್ಡ್, 185. ತಿಂಗಳು ತಿಂಗಳು ತಾಯಿಗೆ ಮನಿಆರ್ಡರ್ ಹತ್ತು ರೂಪಾಯಿ, ಅದರ ಕಮಿಷನ್ನಿನ ಸಮೇತ. ಅಂಗಿ. ಚಡ್ಡಿ. ಬಸ್ ಚಾರ್ಜು. ನಡುವೆ ಒಂದು ಸಾಲು: "ಅವನ ತಾಯಿ ಬಂದಾಗ ಊಟ 4, ಕಾಫಿ 6."

ಆ ಸಾಲನ್ನು ಓದಲು ನನಗೆ ಬಾಯಿ ಬರಲಿಲ್ಲ, ಆದರೆ ಓದುವ ಓಘದಲ್ಲಿ ಓದಿಯೇಬಿಟ್ಟಿದ್ದೆ. ಅವನ ತಾಯಿ ಎಂದರೆ ಅಪ್ಪಯ್ಯನ ಸ್ವಂತ ಅಕ್ಕ.

ಖರ್ಚು ಒಟ್ಟು 3,512. ಭಾವನೇ ಕೊಡಬೇಕಾದ ಬಾಕಿ, 92 ರೂಪಾಯಿ.

ಕಥೆ ಇಲ್ಲಿಗೆ ಬಂದಾಗ ಮಗ ಒಲೆಯಿಂದ ಕಣ್ಣು ತೆಗೆದು ಕೇಳಿದ, "ಅಜ್ಜ ಬಡ್ಡಿ ಹಾಕಿದ್ರಾ?"

ಇಲ್ಲ. ಬಡ್ಡಿ ಹಾಕಿರಲಿಲ್ಲ. ಒಂದು ಪೈಸೆ ಸುಳ್ಳು ಬರೆದವರೂ ಅಲ್ಲ. ಅತ್ತೆಯ ಮಗಳ ಮದುವೆಗೆ ಆ ಹಣ ಇವರಲ್ಲದೆ ಬೇರೆ ಯಾರೂ ಕೊಡುತ್ತಿರಲಿಲ್ಲ ಎಂಬುದೂ ನಿಜ. ನಾನು ಅಪ್ಪಯ್ಯನನ್ನು ಕೆಟ್ಟವರೆಂದು ಹೇಳುತ್ತಿಲ್ಲ. ಸಾಲಿಗ್ರಾಮದ ಪೇಟೆಯಲ್ಲಿ ಇವತ್ತಿಗೂ ಅವರ ಹೆಸರು ಹೇಳಿದರೆ ಕೂರಲು ಕುರ್ಚಿ ಹಾಕುವವರಿದ್ದಾರೆ. ಆದರೆ ನಾನು ಆ ಪುಟ ಮುಗಿಸಿ ಮಡಚುವಾಗ ಮುಂದಿನ ಪುಟ ಕಣ್ಣಿಗೆ ಬಿತ್ತು. ತಲೆಬರಹ "ಮನೆ ಖರ್ಚು". ಸುರತ್ಕಲ್ ಫೀಸು. ಹಾಸ್ಟೆಲು. ಸ್ಲೈಡ್ ರೂಲ್. ಅಮ್ಮನ ತವರಿನವರು ಬಂದಾಗ ಸಿಹಿ. ನನ್ನ ಹೆಸರಿನ ಪುಟವೇ ಆ ಪುಸ್ತಕದಲ್ಲಿ ಇರಲಿಲ್ಲ. ಹದಿನೆಂಟು ವರ್ಷದಲ್ಲಿ ನಾನು ಕುಡಿದ ಒಂದು ಲೋಟ ಕಾಫಿಯೂ ಎಲ್ಲೂ ಬರೆದಿರಲಿಲ್ಲ.

ಆಗ ನಾನು ಏನಾದರೂ ಹೇಳಬಹುದಿತ್ತು. ಪುಸ್ತಕ ಮುಚ್ಚಿ ಕೊಟ್ಟೆ.

"ಸರಿ ಮಾವ" ಎಂದು ಭಾವ ಶಟರ್ ಪೂರ್ತಿ ಎಳೆಯಲು ಹೋದ. ಮರುದಿನ ಬೆಳಿಗ್ಗೆ ನಾಲ್ಕಕ್ಕೆ ಎಂದಿನಂತೆ ಅವನೇ ಒಲೆ ಹಚ್ಚಿದ. ನಾನು ಕಾಲೇಜಿಗೆ ಹೊರಟಾಗ ಬಸ್ಸಿಗೆ ಟ್ರಂಕು ಹೊತ್ತು ತಂದು ಹಾಕಿದವನೂ ಅವನೇ. ಎಲ್ಲ ಮುಗಿಯಿತು ಅಂದುಕೊಂಡೆವು.

ಸಂಕ್ರಾಂತಿಗೆ ಬಂದರೆ ಗಲ್ಲೆಯಲ್ಲಿ ಅಪ್ಪಯ್ಯ ಕೂತಿದ್ದಾರೆ. ಭಾವ ಇಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ಒಲೆ ಹೊತ್ತಿರಲಿಲ್ಲವಂತೆ. ಕೀಲಿಗೊಂಚಲು ಗಲ್ಲೆಯ ಮೇಲಿತ್ತು, ಜೋಡಿಸಿದ ಟೇಬಲ್‌ಗಳು ಬಿಡಿಸಿ ಒರೆಸಿಟ್ಟಿದ್ದವು. ರಾತ್ರಿ ರೈಲಿಗೆ ಹೋಗಿದ್ದ. ಅಪ್ಪಯ್ಯ ಡಬ್ಬಿ ಎಣಿಸಿದರು; ಚಿಲ್ಲರೆ ಸಮೇತ ಸರಿಯಾಗಿತ್ತು. ಅಮ್ಮ ನನ್ನನ್ನು ಒಳಗೆ ಕರೆದು ಕೆಂಪು ಪುಸ್ತಕ ತೆರೆದು ತೋರಿಸಿದಳು. ಭಾವನ ಪುಟದ ಕೆಳಗೆ, ಐದನೇ ಕ್ಲಾಸಿನ ದುಂಡು ಅಕ್ಷರದಲ್ಲಿ, ಪೆನ್ಸಿಲಿನಿಂದ:

"ದಿನಕ್ಕೆ 2. 46 ದಿನಕ್ಕೆ 92. ಬಾಕಿ ಇಲ್ಲ."

ಅವನ ನಂತರ ಇಬ್ಬರು ಸಂಬಂಧಿಕರು ಗಲ್ಲೆಗೆ ಬಂದರು, ಹೋದರು. ಒಬ್ಬ ಹೋಗುವಾಗ ಗಲ್ಲೆಯನ್ನೂ ಒಂದಿಷ್ಟು ತೆಗೆದುಕೊಂಡೇ ಹೋದ. ಗಿರಣಿ ಕುಂಟತೊಡಗಿದ ಮೇಲೆ ಹೋಟೆಲೂ ಕುಂಟಿತು. ನಾನು ಎಂಜಿನಿಯರಾದೆ, ಅಪ್ಪಯ್ಯ ಬಯಸಿದ ಹಾಗೇ. ಹಾಗಾಗಿ ಹೋಟೆಲು ನಡೆಸುವವರು ಯಾರೂ ಉಳಿಯಲಿಲ್ಲ. ಮಾರಿದರು. ಕೊನೆಯವರೆಗೂ ಭಾವನ ಮಾತು ಬಂದರೆ "ಲೆಕ್ಕ ಸರಿಯಾಗೇ ಇತ್ತಲ್ಲ" ಎನ್ನುತ್ತಿದ್ದರು, ಯಾರೂ ಕೇಳದಿದ್ದರೂ.

ಭಾವ ಹೋದದ್ದು ಮುಂಬಯಿಗೆ. 1942ರಲ್ಲಿ ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಮಾತುಂಗಾದ ಆಸುಪಾಸಿನಲ್ಲಿ ನಮ್ಮ ಕಡೆಯವರಿಗೆ ಇಳಿಯಲು ಒಂದು ಮೂಲೆ ಸಿಗುತ್ತಿತ್ತು. ಹಗಲು ಹೋಟೆಲು, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆ. ಆ ಶಾಲೆಗಳ ಬೆಂಚಿನಲ್ಲಿ ಎಂಜಲು ಲೋಟ ಎತ್ತಿದ ಕೈಗಳೇ ಪೆನ್ನು ಹಿಡಿದು ಬ್ಯಾಂಕಿಗೆ, ಕೋರ್ಟಿಗೆ ಹೋದದ್ದು ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ಭಾವ ಇಪ್ಪತ್ತೇಳನೇ ವಯಸ್ಸಿಗೆ ಎಸ್‌.ಎಸ್‌.ಸಿ. ಪಾಸು ಮಾಡಿದ. ಬ್ಯಾಂಕಿಗೆ ಹೋಗಲಿಲ್ಲ. ಡೊಂಬಿವಲಿಯಲ್ಲಿ ಸ್ವಂತ ಹೋಟೆಲು ಹಾಕಿದ.

ನಾನು ಅಲ್ಲಿಗೆ ಹೋದದ್ದು 1998ರಲ್ಲಿ, ಆಫೀಸಿನ ಕೆಲಸದ ಮೇಲೆ ಮುಂಬಯಿಗೆ ಹೋದವನು ಧೈರ್ಯ ಮಾಡಿ. ಬಾಗಿಲಲ್ಲೇ ಗುರುತು ಹಿಡಿದ. "ಅತ್ತೆ ಹೇಂಗಿದ್ರ್?" ಎಂದು ಮೊದಲು ಅಮ್ಮನನ್ನು ಕೇಳಿದ. ಅವತ್ತು ತಿಂಗಳ ಒಂದನೇ ತಾರೀಕು. ಮೂಲೆಯ ಟೇಬಲಿನಲ್ಲಿ ರಿಜಿಸ್ಟರ್ ಹರಡಿ ಬಟವಾಡೆ ನಡೆಯುತ್ತಿತ್ತು. ಕ್ಲೀನರ್ ಸಹಿ ಹಾಕಿದ, ದೋಸೆಯವನು ಹಾಕಿದ, ಆಮೇಲೆ ಅದೇ ಸಾಲಿನಲ್ಲಿ ನಿಂತಿದ್ದ ಇಪ್ಪತ್ತರ ಹುಡುಗ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಮಾಡಿ, ಕವರಿನ ಹಣ ಎಣಿಸಿ ಕಿಸೆಗಿಟ್ಟು, ಗಲ್ಲೆಗೆ ಹೋಗಿ ಕೂತ. ಭಾವನ ತಂಗಿಯ ಮಗ. 1,500 ರೂಪಾಯಿಯ ಮದುವೆಯ ಮಗ. ಅವನ ಹಿಂದೆ ಭಾವನ ಮಗಳೂ ನಿಂತಿದ್ದಳು, ಬಿ.ಕಾಂ. ಓದುವವಳು, ರಜೆಯಲ್ಲಿ ಹದಿನೆಂಟು ದಿನ ಪಾರ್ಸೆಲ್ ಕೌಂಟರಿನಲ್ಲಿ ನಿಂತಿದ್ದಳಂತೆ. ಹದಿನೆಂಟು ದಿನದ ಸಂಬಳಕ್ಕೆ ಅವಳೂ ಸಹಿ ಹಾಕಿದಳು. ಅಪ್ಪನ ಮುಖ ನೋಡದೆ ಹಣವನ್ನು ಎರಡು ಸಲ ಎಣಿಸಿದಳು.

ನಾವು ಹಳೆಯದನ್ನು ಎತ್ತಲಿಲ್ಲ. ನಾನು ಎತ್ತಲು ಹೋದೆ, ಅವನು "ಇಡ್ಲಿ ತಣಿತ್ತ್" ಎಂದ. ಇಡ್ಲಿ ವಡೆ ತಿಂದೆ. ಕಾಫಿ ಅವನೇ ತಂದ, ಆರಲ್ಲ, ಎರಡೇ ಲೋಟ. ಬೆರಳ ಸಂದಿಗಳು ಒಣಗಿದ್ದವು.

ಏಳುವ ಹೊತ್ತಿಗೆ ಸಪ್ಲೈಯರ್ ಬಿಲ್ಲು ತಂದು ಟೇಬಲಿನ ಮೇಲಿಟ್ಟ. ಭಾವ ಅವನನ್ನು ತಡೆಯಲಿಲ್ಲ. ನಾನು ಪರ್ಸು ತೆಗೆದೆ. ನನ್ನ ಕೈ ಹಿಂದಕ್ಕೆ ನೂಕಿ, ಬಿಲ್ಲು ಎತ್ತಿಕೊಂಡು ಅವನೇ ಗಲ್ಲೆಗೆ ನಡೆದ. ಅಂಗಿ ಕಿಸೆಯಿಂದ ಐವತ್ತರ ನೋಟು ತೆಗೆದು ತಂಗಿಯ ಮಗನ ಮುಂದೆ ಇಟ್ಟ. ಹುಡುಗ ಬಿಲ್ಲನ್ನು ಕಡ್ಡಿಗೆ ಚುಚ್ಚಿ, ಚಿಲ್ಲರೆ ಕೊಟ್ಟ. ಭಾವ ಅದನ್ನು ಅಂಗೈಯಲ್ಲಿ ಹರಡಿ ಎಣಿಸಿ ಕಿಸೆಗೆ ಹಾಕಿಕೊಂಡು, ನನ್ನನ್ನು ಸ್ಟೇಷನ್ನಿಗೆ ಬಿಡಲು ಚಪ್ಪಲಿ ಮೆಟ್ಟಿದ.