ಮಡ್‌ಗಾರ್ಡಿನ ತೂತು, ಬೇವಿನ ಮರದ ತಂತಿ

ದೀಪಾವಳಿ ರಜೆಗೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಪುಣೆಯಿಂದ ಊರಿಗೆ ಬಂದಿದ್ದ. ಜತ್ತ ತಾಲೂಕಿನ ನಮ್ಮ ಕನ್ನಡ ಶಾಲೆಯಲ್ಲಿಯೇ ಹತ್ತನೆಯವರೆಗೆ ಓದಿದವನು. ಹಳೆಯ ಕಾರುಗಳನ್ನು ಮೊದಲಿದ್ದಂತೆ ಮಾಡಿಕೊಡುವ ಗ್ಯಾರೇಜೊಂದರಲ್ಲಿ ಈಗ ಕೆಲಸಕ್ಕಿದ್ದಾನೆ. ಸ್ಟಾಫ್ ರೂಮಿಗೆ ಬಂದು ನಮಸ್ಕಾರ ಮಾಡಿದವನೇ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ.

“ಸರ್ರ, ಇದು 1964ರ ಎಂಜಿಬಿ. ಇದಕ್ಕ ಯಾವ ಆಂಟೆನಾ ಹಾಕಬೇಕ್ರಿ?”

ನಾವು ಮುಖ ಮುಖ ನೋಡಿಕೊಂಡೆವು. ಸ್ಪೋರ್ಟ್ಸ್ ಕಾರು ಹತ್ತಿದವರು ನಮ್ಮಲ್ಲಿ ಒಬ್ಬರೂ ಇಲ್ಲ.. ಬಸ್ಸು, ಬೈಕು, ಅಷ್ಟೇ. ಆದರೆ ರೇಡಿಯೊ ಕೇಳಿ ಬೆಳೆದವರು ನಾವು.

ಅವನ ತೊಡಕು ಇಷ್ಟು. ಕಾರಿನಲ್ಲಿ ಎರಡು ತೂತು ಸಿಕ್ಕಿದ್ದವು. ಮುಂದಿನ ಎಡ ಮಡ್‌ಗಾರ್ಡಿನ ತೂತಿಗೆ ಯಾರೋ ಪುಟ್ಟಿ ತುಂಬಿದ್ದರು. ಹಿಂದಿನ ಮಡ್‌ಗಾರ್ಡಿನದು ಬಾಯಿ ತೆರೆದುಕೊಂಡಿತ್ತು. ಸ್ವಿಚ್ ಒತ್ತಿದರೆ ತಾನೇ ಏಳುವ ಹೊಸ ಆಂಟೆನಾವನ್ನು ಹಿಂದೆಯೇ ಕೂರಿಸು ಎಂದು ಮಾಲೀಕರು ಹೇಳಿದ್ದರು. ಇವನ ಮನಸ್ಸು ಮಾತ್ರ ಮುಂದಿನ ತೂತಿನ ಮೇಲಿತ್ತು. “ತಪ್ಪು ಹೇಳಿದರ ಕನ್ನಡ ಮೀಡಿಯಂ ಹುಡುಗಗ ಏನ್ ಗೊತ್ತು ಅಂತಾರ್ರಿ” ಎಂದ. ಆ ಮಾತು ನಮಗೂ ತಾಕಿತು.

ಅವನು ಓದಿಕೊಂಡೇ ಬಂದಿದ್ದ. ಎಂಜಿಬಿ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಕಾರು, ಐದು ಲಕ್ಷಕ್ಕೂ ಹೆಚ್ಚು ಹೊರಬಂದವು. ರೇಡಿಯೊ ಬೇಕಾದವರು ಬೇರೆ ದುಡ್ಡು ಕೊಡಬೇಕಿತ್ತು, ಎಷ್ಟೋ ಸಲ ಅದನ್ನು ಕೂರಿಸುತ್ತಿದ್ದವರು ಮಾರಾಟಗಾರರೇ. ಹಾಗಾಗಿ ಎಲ್ಲ ಕಾರಿಗೂ ಒಂದೇ ಜಾಗ ಎಂಬುದಿಲ್ಲ. ಅಮೆರಿಕದ ಕಾರ್ವೆಟ್ ಕಥೆ ಬೇರೆ. 1953ರಲ್ಲಿ ತಯಾರಾದ ಮೊದಲ 300 ಕಾರುಗಳ ಮೈ ಫೈಬರ್ ಗ್ಲಾಸಿನದು. ರೇಡಿಯೊ ಅಲೆ ಅದರೊಳಗೆ ಹಾಯುತ್ತದೆಂದು ಡಿಕ್ಕಿಯ ಮುಚ್ಚಳದೊಳಗೇ ಆಂಟೆನಾದ ಜಾಲರಿ ಹುದುಗಿಸಿದ್ದರು. 1956ರ ಮಾದರಿಯಲ್ಲಿ ಕಡ್ಡಿ ಹೊರಗೆ ಬಂತು. 1953ರ ಕಾರಿಗೆ ಕಡ್ಡಿ ಸಿಕ್ಕಿಸಿದ್ದರೆ ಅದು ಆಮೇಲಿನ ಕೈಚಳಕವೆಂದು ಹೇಳಿಬಿಡಬಹುದು. ಎಂಜಿಬಿಯಲ್ಲಿ ಹಾಗಲ್ಲ, ಕಾರೇ ಸಾಕ್ಷಿ ಹೇಳಬೇಕು.

“ಮೊದಲು ರೇಡಿಯೊ ತೋರಿಸಪಾ” ಎಂದರು ನಮ್ಮ ವಿಜ್ಞಾನದ ಅಕ್ಕೋರು. ಮುಳ್ಳಿನ ಪಟ್ಟಿಯ ಮೇಲೆ ಲಾಂಗ್ ವೇವ್, ಮೀಡಿಯಂ ವೇವ್ ಎರಡೇ. ಎಫ್ಎಂ ಇಲ್ಲ. ಅಕ್ಕೋರು ಬೋರ್ಡಿನ ಮೇಲೆ ಲೆಕ್ಕ ಬರೆದರು. ನಾವು ಕೇಳುತ್ತಿದ್ದ ಧಾರವಾಡ 765 ಕಿಲೋಹರ್ಟ್ಸ್, ಅಂದರೆ ಅಲೆಯ ಉದ್ದ ಸುಮಾರು 392 ಮೀಟರ್. ಎಫ್ಎಂನ 100 ಮೆಗಾಹರ್ಟ್ಸಿಗೆ ಬರೀ 3 ಮೀಟರ್, ಅದರ ಕಾಲುಭಾಗ 75 ಸೆಂಟಿಮೀಟರ್. ಎಫ್ಎಂಗೆ ಅಳತೆಯ ಕಡ್ಡಿ ಸಾಕು. ಮೀಡಿಯಂ ವೇವ್ ಅಲೆಯ ಕಾಲುಭಾಗವೆಂದರೆ 98 ಮೀಟರ್, ಅಷ್ಟುದ್ದದ ಕಡ್ಡಿಯನ್ನು ಯಾವ ಕಾರೂ ಹೊರಲಾರದು. ಆದ್ದರಿಂದ ಸಾಧ್ಯವಾದಷ್ಟು ಎತ್ತರಕ್ಕೆ ಎಳೆಯುವ, ಒಂದರೊಳಗೊಂದು ಸೇರುವ ಕ್ರೋಮಿನ ಕೊಳವೆ ಬೇಕು. ಈಗಿನ ಗಿಡ್ಡ ಕಪ್ಪು ರಬ್ಬರಿನ ಕಡ್ಡಿ ಆ ರೇಡಿಯೊಕ್ಕೆ ನೋಡಲೂ ಸಲ್ಲ, ಕೇಳಲೂ ಸಲ್ಲ.

ಇನ್ನು ತೂತಿನ ಮಾತು. ಫೋಟೊ ದೊಡ್ಡದು ಮಾಡಿ ನೋಡಿದೆವು. ಕಾರಿನ ಮೂಲ ಬಣ್ಣ ಹಸಿರು, ಆಮೇಲೆ ಯಾರೋ ಕೆಂಪು ಬಳಿಸಿದ್ದಾರೆ. ಹಿಂದಿನ ತೂತಿನ ಅಂಚಿನಲ್ಲಿ ಹಸಿರು, ಕೆಂಪು ಎರಡೂ ಕೊರೆದುಹೋಗಿ ಬರೀ ತಗಡು ಕಾಣುತ್ತಿತ್ತು. ಅಂದರೆ ಅದು ಕೆಂಪು ಬಳಿದ ಮೇಲೆ ಕೊರೆದದ್ದು! ಮುಂದಿನ ತೂತಿನಲ್ಲಿ ಪುಟ್ಟಿಯ ಮೇಲೆ ಕೆಂಪು ಕೂತಿತ್ತು, ಪುಟ್ಟಿ ತೆಗೆದರೆ ಸುತ್ತ ಹಸಿರಿನ ಮೇಲೆ ದುಂಡು ಗುರುತು. ಒಳಗಡೆ ತಗಡಿಗೆ ಹಲ್ಲು ಕಚ್ಚಿದ ಗೆರೆಗಳು. ಅರ್ಥ್ ಸಿಗಲೆಂದು ಆಂಟೆನಾದ ಬುಡ ಹಾಗೆ ಕಚ್ಚಿ ಕೂರುತ್ತದೆ. ಕಾರ್ಖಾನೆಯದೋ ಮಾರಾಟಗಾರರದೋ, ಹಳೆಯದು ಮಾತ್ರ ಮುಂದಿನದೇ.

ಅವನ ಮುಖ ಅರಳಿತು. ಆಮೇಲೆ ಅವನೇ ನಮಗೆ ಪಾಠ ಹೇಳಿದ. ಟಿವಿ ಕೇಬಲ್ ತುಂಡು ಜೋಡಿಸಿದರೆ ಮೀಡಿಯಂ ವೇವ್ ಸೊರಗುತ್ತದಂತೆ, ಕಾರ್ ಆಂಟೆನಾದ ಕೇಬಲ್ಲೇ ಆಗಬೇಕಂತೆ. ಕಡ್ಡಿ ಪೂರ್ತಿ ಎಳೆದು, 1400 ಕಿಲೋಹರ್ಟ್ಸ್ ಆಸುಪಾಸಿನ ಕ್ಷೀಣ ಸ್ಟೇಷನ್ ಹಿಡಿದು, ಸದ್ದು ಏರುವತನಕ ರೇಡಿಯೊದ ಟ್ರಿಮ್ಮರ್ ಸ್ಕ್ರೂ ತಿರುಗಿಸಬೇಕಂತೆ. 1967ರವರೆಗಿನ ಎಂಜಿಬಿಗೆ ಬ್ಯಾಟರಿಯ ಪ್ಲಸ್ಸೇ ಅರ್ಥ್, ತಿಳಿಯದೆ ಹೊಸ ರೇಡಿಯೊ ಜೋಡಿಸಿದರೆ ಸುಟ್ಟುಹೋದೀತು.

ಹೊರಡುವಾಗ ಕಪಾಟಿನತ್ತ ನೋಡಿದ. “ಸರ್ರ, ಇದು ನಮ್ಮ ಸಾಲಿ ರೇಡಿಯೊ ಅಲ್ರಿ? ತಂತಿ ಎಲ್ಲಿ ಹೋತ್ರಿ?”

ನಾವು ಸುಮ್ಮನಾದೆವು. ಶಾಲೆಗೆ ಬಣ್ಣ ಹಚ್ಚಿಸಿದ ವರ್ಷ ಆ ರೇಡಿಯೊಕ್ಕೂ ಪಾಲಿಶ್ ಮಾಡಿಸಿ, ಚಂದ ಕಾಣಲೆಂದು ಹೊಳೆಯುವ ಕಡ್ಡಿ ಸಿಕ್ಕಿಸಿದ್ದೆವು. ಮಾಳಿಗೆಯಿಂದ ಬೇವಿನ ಮರಕ್ಕೆ ಎಳೆದಿದ್ದ ತಾಮ್ರದ ತಂತಿಯನ್ನು ಕಿತ್ತು ಗುಜರಿಗೆ ಹಾಕಿದ್ದೆವು. ಗಡಿಯಾಚೆಯ ಕನ್ನಡ ನಮ್ಮ ಮಕ್ಕಳ ಕಿವಿಗೆ ಇಳಿದದ್ದು ಅದೇ ತಂತಿಯಿಂದ. ಆ ಮರ ಹತ್ತಿ ತಂತಿ ಕಟ್ಟಿದವನು ಏಳನೆಯ ಇಯತ್ತೆಯಲ್ಲಿದ್ದ ಇದೇ ಹುಡುಗ!

ಅವನು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಕಳೆದ ವಾರ ಫೋನು ಬಂತು. ಮಾಲೀಕರು ಫೋಟೊ ನೋಡಿ ಒಪ್ಪಿದರಂತೆ. ಹಿಂದಿನ ತೂತು ಮುಚ್ಚಿ, ಮುಂದೆ ಕೈಯಿಂದ ಎಳೆಯುವ ಆಂಟೆನಾ ಕೂರಿಸಿದ್ದಾನೆ. ನಾವು ನಮ್ಮ ರೇಡಿಯೊದ ಪಕ್ಕ ಒಂದು ಚೀಟಿ ಅಂಟಿಸಿದ್ದೇವೆ: ‘ಈ ಕಡ್ಡಿ ಮೂಲದ್ದಲ್ಲ. ಮೊದಲು ಇಲ್ಲಿಂದ ಬೇವಿನ ಮರದವರೆಗೆ ತಾಮ್ರದ ತಂತಿ ಇತ್ತು.’ ಅಕ್ಷರ ಐದನೆಯ ಇಯತ್ತೆಯ ಹುಡುಗಿಯದು. ಸಂಕ್ರಾಂತಿಗೆ ಅವನು ಬಂದಾಗ ಹೊಸ ತಂತಿ ಕಟ್ಟುವುದೆಂದು ಮಾತಾಗಿದೆ.

ನಿಮ್ಮ ಶಾಲೆಯ ಕಪಾಟಿನಲ್ಲೂ ಹಳೆಯ ರೇಡಿಯೊ ಇದ್ದೀತು. ಪಾಲಿಶ್ ಮಾಡಿಸುವ ಮೊದಲು, ಅದಕ್ಕೆ ತಂತಿ ಕಟ್ಟಿದವರು ಯಾರೆಂದು ಒಮ್ಮೆ ಕೇಳಿ ನೋಡಿ.