ಬರುತ್ತಾಳೆಯೋ, ಬಂದಾಳೋ?

ಮಕ್ಕಳು ಹೊಟ್ಟೆಪಾಡಿಗಾಗಿ ಯಾವ ದೇಶಕ್ಕೆ ಹೋಗುತ್ತಾರೋ ಆ ದೇಶದ ನಾಲ್ಕು ಮಾತು ಹೆತ್ತವರ ಮನೆಗೂ ಬಂದು ಸೇರುತ್ತವೆ. ಶಿವಮೊಗ್ಗ ಬಿಟ್ಟು ಪುಣೆಗೆ ಬಂದಾಗ ನಾವು ಮರಾಠಿ ಕಲಿತೆವು. ಈಗ ಮಗಳು ಮ್ಯಾಡ್ರಿಡ್ಡಿನಲ್ಲಿರುವುದರಿಂದ, ತಲೆ ನರೆತ ಮೇಲೆ ಸ್ಪ್ಯಾನಿಷ್ ಪುಸ್ತಕ ಹಿಡಿದಿದ್ದೇವೆ. ಅದರಲ್ಲಿ ನಮ್ಮನ್ನು ಬಹಳವಾಗಿ ಕಾಡಿದ್ದು 'ಕ್ರೆಯೇರ್' ಎಂಬ ಕ್ರಿಯಾಪದ. 'ನಂಬು' ಎಂದು ಅದರ ಅರ್ಥ.

ಲ್ಯಾಟಿನ್ನಿನ 'ಕ್ರೇದೆರೆ'ಯಿಂದ ಬಂದ ಈ ಶಬ್ದ ನಮ್ಮ 'ಶ್ರದ್ಧೆ'ಗೆ ದೂರದ ದಾಯಾದಿಯೆಂದು ಭಾಷಾಶಾಸ್ತ್ರ ಬಲ್ಲವರು ಹೇಳುತ್ತಾರೆ. ಆದರೆ ಶ್ರದ್ಧೆ ದೇವರ ಮನೆಯಲ್ಲಿ ಕುಳಿತರೆ, ಕ್ರೆಯೇರ್ ಪೇಟೆ ಬೀದಿಯನ್ನೆಲ್ಲ ಸುತ್ತುತ್ತದೆ. "ಅಂಗಡಿ ತೆರೆದಿದೆಯೇ?" ಎಂದರೆ "ಕ್ರೇಯೊ ಕೆ ಸಿ", ಅಂದರೆ ಹೌದೆಂದು ತೋರುತ್ತದೆ. "ತೆ ಕ್ರೇಯೊ" ಎಂದರೆ ನಿನ್ನ ಮಾತನ್ನು ನಂಬುತ್ತೇನೆ. 'ಎನ್' ಸೇರಿಸಿ "ಕ್ರೇಯೊ ಎನ್ ತಿ" ಎಂದರೆ ನಿನ್ನಲ್ಲೇ ನಂಬಿಕೆಯಿಟ್ಟಿದ್ದೇನೆ. ದೇವರಿಗೂ ಇದೇ 'ಎನ್'.

ಹೋದ ದೀಪಾವಳಿಗೆ ಮೊದಲು "ಬರುತ್ತೀಯೇನೇ?" ಎಂದು ಕೇಳಿದ್ದಕ್ಕೆ ಮಗಳು "ಕ್ರೇಯೊ ಕೆ ಸಿ" ಎಂದು ನಕ್ಕಳು. ಇದು ನಂಬಿಕೆಯೋ, ಬರಿಯ ಊಹೆಯೋ? ರಾತ್ರಿಯೆಲ್ಲ ನಮಗೆ ಅದೇ ಚಿಂತೆ. ಮರುದಿನ ವ್ಯಾಕರಣ ತಿರುವಿದೆವು. ಹೌದೆನ್ನುವಾಗ "ಕ್ರೇಯೊ ಕೆ ಬ್ಯೇನೆ": ಬರುತ್ತಾಳೆಂದು ನಂಬಿದ್ದೇನೆ. ಅಲ್ಲವೆನ್ನುವಾಗ ಮುಂದಿನ ಕ್ರಿಯಾಪದವೂ ರೂಪ ಬದಲಿಸುತ್ತದೆ. "ನೊ ಕ್ರೇಯೊ ಕೆ ಬೆಂಗಾ": ಬಂದಾಳೆಂದು ತೋರುವುದಿಲ್ಲ. ನಂಬಿದ್ದಕ್ಕೆ ನಿಶ್ಚಯದ ರೂಪ. ನಂಬದ್ದಕ್ಕೆ ಸಂಶಯದ ರೂಪ.

ಇದು ನಮಗೆ ಪೂರಾ ಹೊಸದೇನಲ್ಲ. ಕನ್ನಡದ ಸಂಭಾವನಾರ್ಥಕವೂ ಸುಮಾರು ಇದೇ ಜಾತಿಯದು. "ಮಳೆ ಬಂದೀತು, ಕೊಡೆ ತೊಗೋ", "ಬಿದ್ದೀಯೆ, ಜೋಕೆ" ಎಂದು ನಮ್ಮ ತಾಯಂದಿರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಪುಣೆಯಲ್ಲಿ ಬೆಳೆದ ನಮ್ಮ ಮಕ್ಕಳ ಬಾಯಲ್ಲಿ ಅದೆಲ್ಲ 'ಬರಬಹುದು', 'ಬೀಳಬಹುದು' ಆಗಿಬಿಟ್ಟಿದೆ. ಮಗಳಿಗೆ 'ಬೆಂಗಾ' ಗೊತ್ತು, 'ಬಂದಾಳು' ಗೊತ್ತಿರಲಿಲ್ಲ. ಕೇಳಿದಾಗ ಮನಸ್ಸಿಗೆ ಪಿಚ್ಚೆನಿಸಿತು.

ಅಂದಿನಿಂದ ವಾರಕ್ಕೊಮ್ಮೆ ಫೋನಿನಲ್ಲಿ ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ನಡೆದಿದೆ. ಅವಳು ಒಂದು ಸ್ಪ್ಯಾನಿಷ್ ರೂಪ ಹೇಳಿಕೊಡಬೇಕು. ನಾವು ಒಂದು ಕನ್ನಡ ರೂಪ. ಹೋದ ವಾರ "ಅಪ್ಪ ಮರೆತಾರು, ಮಾತ್ರೆ ನೆನಪಿಸಮ್ಮ" ಎಂದಳು. ನಮ್ಮ ಅಜ್ಜಿಯೇ ಮಾತಾಡಿದಂತಾಯಿತು. ಹೊರನಾಡಿನಲ್ಲಿರುವ ಓದುಗರು ತಮ್ಮ ಮನೆಯಲ್ಲೂ ಪರೀಕ್ಷಿಸಿ ನೋಡಬೇಕು.

ಆ ದೀಪಾವಳಿಗೆ ರಜೆ ಸಿಗಲಿಲ್ಲ, ಅವಳು ಬರಲಿಲ್ಲ. ಯುಗಾದಿಗೆ ಬಂದಾಳು ಎಂದುಕೊಂಡಿದ್ದೇವೆ. ಟಿಕೆಟ್ಟು ಕೊಂಡ ದಿನ 'ಬರುತ್ತಾಳೆ' ಎನ್ನೋಣ.